ಮನೆಯಲ್ಲಿ ಒಬ್ಬರೇ ಇದ್ದಾಗ: ಹೆಜ್ಜೆ, ಹಾಡು, ಕಥೆ ಕಟ್ಟಿಕೊಳ್ಳುವ ಕ್ರಮ

"ಮನೆಯಲ್ಲಿ ಒಬ್ಬಳೇ ಇರ್ತೀನಿ. ಸಂಜೆಯಾದರೆ ಮನೆ ಮೈಮೇಲೆ ಬಂದ ಹಾಗಾಗುತ್ತೆ. ಏನು ಮಾಡ್ಲಿ?"

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಮಕ್ಕಳು ಪುಣೆ, ಬೆಂಗಳೂರು ಸೇರಿದ ಮೇಲೆ ಬಾಗಲಕೋಟೆಯ ನವನಗರದ ಮನೆಯಲ್ಲಿ ಒಬ್ಬರೇ ಉಳಿದ ತಾಯಂದಿರು. ವಿಜಯಪುರದಲ್ಲಿ ರೂಮು ಹಿಡಿದು ಪಿಎಸ್‌ಐ, ಕೆಎಎಸ್ ಅಂತ ಓದುತ್ತಿರುವ ಹುಡುಗ ಹುಡುಗಿಯರು. ವರ್ಗವಾಗಿ ಬೆಳಗಾವಿಗೆ ಬಂದು ಇನ್ನೂ ಯಾರ ಪರಿಚಯವೂ ಆಗದ ನೌಕರರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲಿ ಎಲ್ಲವನ್ನೂ ಒಂದು ಕ್ರಮದಲ್ಲಿ ಬರೆದಿದ್ದೇನೆ. ಓದಿ, ನಿಮಗೆ ಹೊಂದುವುದನ್ನು ಎತ್ತಿಕೊಳ್ಳಿ.

ಒಬ್ಬರೇ ಇದ್ದಾಗ ನಾವು ಮೊದಲು ಮಾಡುವುದು ಏನು? ಟಿವಿ ಹಚ್ಚುತ್ತೇವೆ, ಇಲ್ಲಾ ಮೊಬೈಲ್ ಹಿಡಿಯುತ್ತೇವೆ. ಅಲ್ಲಿ ಯಾರೋ ಹೇಳುತ್ತಾರೆ, ನಾವು ಕೇಳುತ್ತೇವೆ. ಯಾರೋ ಕುಣಿಯುತ್ತಾರೆ, ನಾವು ನೋಡುತ್ತೇವೆ. ಎರಡು ತಾಸು ಬಿಟ್ಟು ಆರಿಸಿದರೆ ಮನೆ ಮೊದಲಿಗಿಂತ ಜಾಸ್ತಿ ಬಿಕೋ ಅನ್ನುತ್ತದೆ, ಅಲ್ವಾ? ಆ ಹೊತ್ತಿನಲ್ಲಿ ನಮ್ಮದು ಅಂತ ಏನೂ ಹುಟ್ಟಲಿಲ್ಲ, ಅದಕ್ಕೇ ಹಾಗೆ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಒಂದೇ ಕೆಲಸಕ್ಕೆ: ದಿನಕ್ಕೆ ಅರ್ಧ ತಾಸಾದರೂ ಹೇಳುವವರು ನೀವಾಗಬೇಕು, ಕುಣಿಯುವವರು ನೀವಾಗಬೇಕು.

ಈ ಕ್ರಮವನ್ನು ನಾನು ಹೊಸದಾಗಿ ಕಂಡುಹಿಡಿದಿಲ್ಲ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳಿಂದ ಕಲಿತದ್ದು. ಊರು ಇನ್ನೂ ಮಲಗಿರುವ ಹೊತ್ತಿನಲ್ಲಿ, ಕತ್ತಲಲ್ಲಿ, ಒಬ್ಬಾಕೆ ಎದ್ದು ಜೋಳ ಬೀಸಬೇಕು. ಮೊದಲು ಕೈ ತಿರುಗುತ್ತಿತ್ತು. ಕೈ ಒಂದು ಲಯಕ್ಕೆ ಬಿದ್ದ ಮೇಲೆ ದನಿ ಬರುತ್ತಿತ್ತು. ದನಿ ಬಂದ ಮೇಲೆ ತವರು, ಅಣ್ಣ, ಕೂಸು, ಮಲ್ಲಯ್ಯ ಎಲ್ಲರೂ ಹಾಡಿನೊಳಗೆ ಬಂದು ಕೂರುತ್ತಿದ್ದರು. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಸಣ್ಣ ಊರಿನ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ, ಇಂಥ ಹಾಡುಗಳನ್ನು ಕೂಡಿಸಿದರು. 1931ರಲ್ಲಿ ಅವು 'ಗರತಿಯ ಹಾಡು' ಎಂದು ಅಚ್ಚಾದವು. ಆ ಹಾಡುಗಳ ಬಹುಪಾಲು ಯಾರೂ ಕೇಳದ ಹೊತ್ತಿನಲ್ಲಿ ಹುಟ್ಟಿದವು ಅನ್ನುವುದನ್ನು ನೆನಪಿಡಿ.

ಹಾಗಾಗಿ ನಮ್ಮ ಕ್ರಮವೂ ಅದೇ. ಮೊದಲು ಮೈ, ಆಮೇಲೆ ದನಿ, ಆಮೇಲೆ ಕಥೆ, ಕಡೆಗೆ ಊಹೆ. ತಿರುವುಮುರುವು ಮಾಡಬೇಡಿ. ಜಾಸ್ತಿ ಜನ ತಪ್ಪುವುದು ಇಲ್ಲೇ. ಸುಮ್ನೆ ಕಣ್ಣು ಮುಚ್ಚಿ ಕೂತು ಏನಾದರೂ ಊಹಿಸಲು ಹೋಗುತ್ತಾರೆ. ಐದು ನಿಮಿಷದಲ್ಲಿ ಮನಸ್ಸು ಹಳೆಯ ಜಗಳ, ಸಾಲ, ಮಗನ ಮದುವೆ ಅಂತ ಓಡುತ್ತದೆ. ಮೈ ಲಯಕ್ಕೆ ಬಂದರೆ ಮನಸ್ಸು ಅಷ್ಟು ಸುಲಭವಾಗಿ ಓಡುವುದಿಲ್ಲ.

ಏನೇನು ಬೇಕು

ಒಂದು ಚಾಪೆ ಹಾಸುವಷ್ಟು ಖಾಲಿ ಜಾಗ. ಗೆರೆ ಇಲ್ಲದ ಒಂದು ನೋಟ್‌ಬುಕ್, ಪೆನ್ನು. ತಾಳ ಬಾರಿಸಲು ಮುಚ್ಚಳ ಇರುವ ಒಂದು ಸ್ಟೀಲ್ ಡಬ್ಬಿ. ಸಂಜೆ ಕೂರುವವರಿಗೆ ಒಂದು ದೀಪ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ವಯಸ್ಸಾದವರು, ಆರೋಗ್ಯ ಸರಿ ಇಲ್ಲದವರು ಮಾತ್ರ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ತೆರೆ ಕೆಳಗೆ ಮಾಡಿ ಇಡಿ. ಗೆಜ್ಜೆ, ಕೋಲು, ಹಾರ್ಮೋನಿಯಂ ಇದ್ದರೆ ಒಳ್ಳೆಯದು. ಅವುಗಳಿಗಾಗಿ ಕಾಯುತ್ತ ಕೂರಬೇಡಿ.

1. ಹೊತ್ತು ಗೊತ್ತು ಮಾಡಿ

ಬೇಜಾರಾದಾಗ ಮಾಡುತ್ತೇನೆ ಅಂದುಕೊಂಡರೆ ಆಗುವುದಿಲ್ಲ. ಬೇಜಾರು ಬಂದಾಗ ಎದ್ದೇಳಲಿಕ್ಕೇ ಮನಸ್ಸು ಬರುವುದಿಲ್ಲ. ದಿನಾ ಒಂದೇ ಹೊತ್ತು ಇಟ್ಟುಕೊಳ್ಳಿ. ನಿಮಗೆ ಯಾವ ಹೊತ್ತು ಕಠಿಣವೋ ಅದಕ್ಕಿಂತ ಕಾಲು ತಾಸು ಮೊದಲು ಶುರು ಮಾಡಿ. ಎಷ್ಟೋ ಜನರಿಗೆ ಅದು ದೀಪ ಹಚ್ಚುವ ಹೊತ್ತು. ಓದುವ ಹುಡುಗರಿಗೆ ರಾತ್ರಿ ಊಟ ಮುಗಿಸಿ ರೂಮಿಗೆ ಬಂದ ಹೊತ್ತು. ಮೊದಲ ವಾರ ಇಪ್ಪತ್ತು ನಿಮಿಷ ಸಾಕು. ಮೊದಲ ದಿನವೇ ಒಂದೂವರೆ ತಾಸು ಕುಣಿದು ಎರಡನೇ ದಿನ ಕಾಲು ನೋವು ಅಂತ ಬಿಟ್ಟವರನ್ನು ಬಹಳ ನೋಡಿದ್ದೇನೆ.

2. ಮೈಗೆ ಲಯ ಕೊಡಿ

"ನನಗೆ ಕುಣಿಯೋಕೆ ಬರಲ್ಲ" ಅನ್ನಬೇಡಿ. ಇಲ್ಲಿ ನೋಡುವವರು ಯಾರೂ ಇಲ್ಲ. ನಿಮಗೆ ಬೇಕಾಗಿರುವುದು ಒಂದು ತಾಳ, ನಾಲ್ಕು ಹೆಜ್ಜೆ.

ನಮ್ಮ ಕಡೆ ಭಜನೆಯಲ್ಲಿ, ನಾಟಕದಲ್ಲಿ ಕೇಳಿ ಕೇಳಿ ಕಿವಿಗೆ ಕೂತಿರುವ ಎರಡು ತಾಳಗಳಿಂದ ಶುರು ಮಾಡೋಣ. ಒಂದು ಕೆಹರ್ವಾ. ಇದಕ್ಕೆ ಎಂಟು ಮಾತ್ರೆ. ಮಾತ್ರೆ ಅಂದರೆ ತಾಳದ ಒಂದು ಎಣಿಕೆ. ಬಾಯಲ್ಲಿ ಹೇಳುವುದು ಹೀಗೆ: ಧಾ ಗೆ ನ ತಿ, ನ ಕ ಧಿ ನ. ಇನ್ನೊಂದು ದಾದ್ರಾ, ಆರು ಮಾತ್ರೆ: ಧಾ ಧಿ ನ, ಧಾ ತಿ ನ. ತಬಲಾದ ಈ ಅಕ್ಷರಗಳಿಗೆ ಬೋಲ್ ಅನ್ನುತ್ತಾರೆ. ಮೊದಲು ಕೂತು, ಡಬ್ಬಿಯ ಮೇಲೆ ಬೆರಳಲ್ಲಿ ಬಾರಿಸುತ್ತ, ಬೋಲ್ ಹೇಳಿ. ಹೋಳಿ ಹುಣ್ಣಿಮೆಗೆ ಹಲಗೆ ಬಾರಿಸಿದ ಬಾಗಲಕೋಟೆಯ ಕೈಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಲಗೆಯ ಪೆಟ್ಟೇ ಬರುತ್ತಿದ್ದರೆ ಅದನ್ನೇ ಬಾರಿಸಿ.

ಈಗ ಎದ್ದು ನಿಲ್ಲಿ. ಕೆಹರ್ವಾದ ಎಂಟು ಮಾತ್ರೆಗೆ ಹೀಗೆ ಮಾಡಿ. ಒಂದಕ್ಕೆ ಬಲಗಾಲು ಮುಂದೆ. ಎರಡಕ್ಕೆ ಎಡಗಾಲು ಅದರ ಪಕ್ಕಕ್ಕೆ. ಮೂರಕ್ಕೆ ಬಲಗಾಲು ಹಿಂದೆ. ನಾಲ್ಕಕ್ಕೆ ಎಡಗಾಲು ಪಕ್ಕಕ್ಕೆ. ಐದರಿಂದ ಎಂಟರವರೆಗೆ ಇದನ್ನೇ ಎಡಗಾಲಿನಿಂದ ಶುರು ಮಾಡಿ. ಒಂದು ಮತ್ತು ಐದಕ್ಕೆ ಚಪ್ಪಾಳೆ. ಇಷ್ಟೇ. ಹತ್ತು ಸುತ್ತು ಆದ ಮೇಲೆ ಎಣಿಕೆ ತಾನಾಗಿ ಬಿಟ್ಟುಹೋಗುತ್ತದೆ, ಕಾಲು ತನ್ನಷ್ಟಕ್ಕೆ ನಡೆಯುತ್ತದೆ. ಆಗ ಕೈಗಳನ್ನು ಬಿಡಿ. ಅವು ಎಲ್ಲಿಗೆ ಹೋಗುತ್ತವೋ ಹೋಗಲಿ. ದಿನದ ಕೆಲಸದಿಂದಲೇ ಕೈಗೆ ಚಲನೆ ಸಿಗುತ್ತದೆ. ರೊಟ್ಟಿ ಬಡಿಯುವುದು, ಕೇರುವುದು, ಹತ್ತಿ ಬಿಡಿಸುವುದು, ಲಾಳಿ ಎಸೆಯುವುದು. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವರಿಗೆ ಮಗ್ಗವೇ ತಾಳದ ಗುರು.

ಮೊಹರಂ ಹೊತ್ತಿನಲ್ಲಿ ನಮ್ಮ ಹಳ್ಳಿಗಳಲ್ಲಿ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುವವರನ್ನು ನೀವು ನೋಡಿರಬಹುದು. ರಿವಾಯತ್ ಅಂದರೆ ಕರ್ಬಲಾದ ಕಥೆ ಹೇಳುವ ಹಾಡು. ಅಲ್ಲಿ ಹೆಜ್ಜೆ, ಹಾಡು, ಕಥೆ ಬೇರೆ ಬೇರೆ ಇಲ್ಲ. ಕಾಲು ಮುಂದೆ ಹೋದಂತೆ ಕಥೆಯೂ ಮುಂದೆ ಹೋಗುತ್ತದೆ. ನಾವು ಮನೆಯಲ್ಲಿ ಮಾಡುವುದು ಅದರದ್ದೇ ಒಂದು ಸಣ್ಣ ಕುಡಿ.

ಎಚ್ಚರಿಕೆಗಳು. ಒದ್ದೆ ನೆಲದ ಮೇಲೆ, ಸಾಕ್ಸ್ ಹಾಕಿಕೊಂಡು ಕುಣಿಯಬೇಡಿ. ಊಟವಾಗಿ ಒಂದೂವರೆ ತಾಸಾದರೂ ಕಳೆದಿರಲಿ. ರಾತ್ರಿ ಊಟದ ನಂತರದ ಹೊತ್ತನ್ನೇ ಆರಿಸಿಕೊಂಡ ಹುಡುಗರು ಆ ದಿನ ಕೂತು ತಾಳ ಬಾರಿಸುವುದಷ್ಟೇ ಮಾಡಿ, ಹೆಜ್ಜೆಯನ್ನು ಬೆಳಗ್ಗೆ ಹಾಕಿ. ಮೊಣಕಾಲು ನೋವಿರುವವರು ಜಿಗಿಯುವುದು, ಗರಗರ ತಿರುಗುವುದು ಬೇಡ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೂತಲ್ಲಿಂದ ತಟ್ಟನೆ ಏಳಬೇಡಿ, ಗೋಡೆ ಹಿಡಿದು ನಿಧಾನ ಏಳಿ. ತಲೆ ತಿರುಗಿದರೆ, ಎದೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ. ನಿಲ್ಲಲು ಆಗದವರು ಕುರ್ಚಿಯಲ್ಲಿ ಕೂತು, ಎದುರಿಗೆ ಬೀಸುವ ಕಲ್ಲು ಇದೆ ಅಂದುಕೊಂಡು ಎರಡೂ ಕೈ ಸೇರಿಸಿ ತಿರುಗಿಸಿ. ಸೊಂಟದಿಂದ ಮೇಲಕ್ಕೆ ಇಡೀ ಮೈ ಅದರಲ್ಲಿ ಪಾಲ್ಗೊಳ್ಳುತ್ತದೆ.

ಇನ್ನೊಂದು: ಕನ್ನಡಿ ಮುಂದೆ ಮಾಡಬೇಡಿ, ವಿಡಿಯೋ ಹಿಡಿಯಬೇಡಿ. ಮೊದಲ ತಿಂಗಳು ಮಟ್ಟಿಗಾದರೂ ಬೇಡ. ಹೇಗೆ ಕಾಣುತ್ತಿದ್ದೇನೆ ಅನ್ನುವ ಯೋಚನೆ ಬಂದ ಕೂಡಲೇ ಕಾಲು ಬಿಗಿಯುತ್ತದೆ.

3. ದನಿ ತೆಗೆಯಿರಿ, ಮೂರು ಸಾಲು ಕಟ್ಟಿ

ಹೆಜ್ಜೆ ಹಿಡಿತಕ್ಕೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಗುನುಗಿ. ಬರುವ ಹಾಡೇ ಇರಲಿ. ಎರಡು ಮೂರು ದಿನ ಹೀಗೆ ಹೋಗಲಿ. ಆಮೇಲೆ ನಿಮ್ಮದೇ ಸಾಲು ಕಟ್ಟಿ.

ಇದಕ್ಕೆ ತ್ರಿಪದಿಯಂಥ ಹದವಾದ ಅಳತೆ ಬೇರೆ ಇಲ್ಲ. ತ್ರಿಪದಿ ಅಂದರೆ ಮೂರು ಸಾಲಿನ ಪದ್ಯ. ನಮ್ಮ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಸುಮಾರು ಕ್ರಿ.ಶ. 700ರದ್ದು, ಅದರಲ್ಲಿರುವುದೂ ತ್ರಿಪದಿಯೇ. ಅಷ್ಟು ಹಳೆಯ ಅಳತೆ ಬೀಸುವ ಹಾಡಿನಲ್ಲಿ ನಮ್ಮ ಅಜ್ಜಿಯರವರೆಗೂ ಬಂತು. ಛಂದಸ್ಸಿನ ಲೆಕ್ಕ ಈಗ ಬೇಡ. ಮೂರು ಸಣ್ಣ ಸಾಲು ಇರಲಿ. ಪ್ರತಿ ಸಾಲಿನ ಮೊದಲ ಪದದ ಎರಡನೇ ಅಕ್ಷರ ಒಂದೇ ಇರಲಿ. ಇದಕ್ಕೆ ಪ್ರಾಸ ಅನ್ನುತ್ತಾರೆ. ನಾನು ಮಾದರಿಗೆ ಕಟ್ಟಿದ್ದು ಇದು:

ಬೇವಿನ ನೆಳ್ಳಾಗ ಯಾವಾಕಿ ಕುಂತಾಳ
ಹೂವಿನ ದಂಡಿ ಕಟ್ಯಾಳ, ಕಟ್ಟುತ್ತ
ಹಾವಿನ ಕತಿಯ ಹೇಳ್ಯಾಳ

ಬೇವಿನ, ಹೂವಿನ, ಹಾವಿನ. 'ವಿ' ಮೂರೂ ಕಡೆ ಬಂತು. ಹೂವು ಕಟ್ಟುವವಳನ್ನು ತರಬೇಕು ಅಂತ ನಾನು ಮೊದಲು ಯೋಚಿಸಿರಲಿಲ್ಲ. ಬೇವಿಗೆ ಪ್ರಾಸ ಹುಡುಕಿದಾಗ ಹೂವು ಬಂತು, ಹೂವಿನ ಬೆನ್ನಿಗೆ ಹಾವು ಬಂತು. ಈ ಅಳತೆಯ ಸೊಗಸೇ ಅದು. ಮುಂದಿನ ಮಾತನ್ನು ಅದೇ ಎಳೆದು ತರುತ್ತದೆ. ಹಾಡುವಾಗ ಎರಡನೇ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಹೋಗಿ. ಆ ತಿರುವಿನಲ್ಲಿ ಯೋಚಿಸಲು ಒಂದು ಉಸಿರಿನಷ್ಟು ಪುರಸೊತ್ತು ಸಿಗುತ್ತದೆ.

ನಿಮ್ಮ ಮನೆಮಾತಿನಲ್ಲೇ ಕಟ್ಟಿ. ಪುಸ್ತಕದ ಕನ್ನಡ ಬೇಡ. ಮನೆಯಲ್ಲಿ ಮರಾಠಿ, ಉರ್ದು, ಲಂಬಾಣಿ ಮಾತಾಡುವವರು ಅದರಲ್ಲೇ ಕಟ್ಟಿ.

ಹಾಸಿಗೆ ಹಿಡಿದವರು, ದನಿ ತೆಗೆಯಲಾರದವರು ಕೇಳುತ್ತಾರೆ: ನಾವೇನು ಮಾಡಬೇಕು? ಅವರಿಗೆ ನಾನು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ವಿಷಯ ಹೇಳುತ್ತೇನೆ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಹುಡುಗನಿದ್ದಾಗಲೇ ದೊಡ್ಡ ಹೆಸರು. ಇಪ್ಪತ್ತರ ಹರೆಯದಲ್ಲಿ ಕ್ಷಯ ಬಂತು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆಯಲ್ಲಿ ಇರಬೇಕಾಯಿತು, ಹಾಡುವ ಹಾಗಿರಲಿಲ್ಲ. ಆ ದಿನಗಳಲ್ಲಿ ಅವರು ಕೇಳಿದರು. ಮಾಳವಾ ಸೀಮೆಯ ಜನರ ಹಾಡು ಕೇಳಿದರು. 1950ರ ದಶಕದಲ್ಲಿ ಮತ್ತೆ ಹಾಡಲು ಕೂತಾಗ ಆ ಜನಪದ ಧಾಟಿಗಳು ಅವರ ಸಂಗೀತದೊಳಗೆ ಬಂದಿದ್ದವು. ಹಾಗಾಗಿ ಮಲಗಿದಲ್ಲಿಂದಲೇ ಕೇಳಿ. ಹಾಲಿನವನ ಸೈಕಲ್, ಪಕ್ಕದ ಮನೆಯ ಕುಕ್ಕರ್, ಹಕ್ಕಿ, ಬಸ್ಸು, ಬಾಂಗ್, ಗುಡಿಯ ಗಂಟೆ. ದಿನಕ್ಕೆ ಐದು ಸದ್ದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಬೆರಳಲ್ಲಿ ಎಣಿಸಿ ನೆನಪಿಡಿ. ಅವೇ ನಿಮ್ಮ ತಾಳ.

4. ಕಥೆ ಹೇಳಿ, ಗಟ್ಟಿಯಾಗಿ ಹೇಳಿ

ನಮ್ಮ ಕಡೆ ಒಂದು ಹಳೆಯ ಜನಪದ ಕಥೆ ಇದೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಕೂತು ಕೂತು ಅವಕ್ಕೆ ಉಸಿರುಗಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಬಂದವು. ಕಥೆ ಜೋಡು ಕೆರವಾಗಿ ಬಾಗಿಲಲ್ಲಿ ಕೂತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿದ, "ಇವು ಯಾರವು?" ಅಂದ. ಆಕೆಗೆ ಗೊತ್ತಿಲ್ಲ. ದೊಡ್ಡ ಜಗಳವಾಗಿ ಆತ ಹಣಮಪ್ಪನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಸುದ್ದಿ ಮಾತಾಡುತ್ತಿದ್ದವು. ಅವತ್ತು ಈ ಮನೆಯ ದೀಪ ತಡವಾಗಿ ಬಂತು. ಯಾಕೆ ತಡ ಅಂತ ಉಳಿದವು ಕೇಳಿದಾಗ ಜಗಳದ ನಿಜವಾದ ಕಾರಣ ಹೇಳಿತು. ಗಂಡ ಎಲ್ಲ ಕೇಳಿಸಿಕೊಂಡ, ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಅಷ್ಟರಲ್ಲಿ ಆಕೆಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು.

ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ 1950ರ ದಶಕದಲ್ಲಿ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ ಇಂಥ ಎಷ್ಟೋ ಕನ್ನಡ ಕಥೆಗಳನ್ನು ಕೂಡಿಸಿ ಹೊರಜಗತ್ತಿಗೆ ತೋರಿಸಿದರು. ನನಗೆ ಈ ಕಥೆ ಒಬ್ಬರೇ ಇರುವವರಿಗಾಗಿಯೇ ಹುಟ್ಟಿದ್ದು ಅನ್ನಿಸುತ್ತದೆ. ದೀಪ ಬೇಕು ಅಂದದ್ದು ಇದಕ್ಕೇ. ದೀಪ ಹಚ್ಚಿ, ಅದಕ್ಕೆ ಹೇಳಿ. ದೀಪ ಬೇಡವಾದರೆ ತುಳಸಿಗೆ ಹೇಳಿ, ಗೋಡೆಗೆ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಲೆಕ್ಕಕ್ಕಿಲ್ಲ. ದನಿ ಹೊರಗೆ ಬರಬೇಕು.

ಹೇಳುವ ರೀತಿ ಹೀಗೆ. ಮೊದಲು ಗೊತ್ತಿರುವ ಒಂದು ಕಥೆ ಆರಿಸಿ. ನೋಟ್‌ಬುಕ್ಕಿನಲ್ಲಿ ನಾಲ್ಕೇ ಉತ್ತರ ಬರೆಯಿರಿ. ಯಾರ ಕಥೆ? ಅವರಿಗೆ ಏನು ಬೇಕಾಗಿತ್ತು? ಏನು ಅಡ್ಡ ಬಂತು? ಕಡೆಗೆ ಏನು ಬದಲಾಯಿತು? ಪೂರ್ತಿ ಕಥೆ ಬರೆಯಬೇಡಿ. ಬರೆದರೆ ಓದುತ್ತೀರಿ, ಹೇಳುವುದಿಲ್ಲ.

ನಿಮ್ಮ ಅಜ್ಜಿ ಕಥೆ ಹೇಳುವಾಗ "ಹೂಂ ಅನ್ನಬೇಕು ನೋಡು" ಅಂತ ಹೇಳುತ್ತಿದ್ದಳೇ? ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರಿಗೆ ಕಥೆ ಮುಂದೆ ಸಾಗುವುದಿಲ್ಲ. ಒಬ್ಬರೇ ಇರುವಾಗ ಆ ಹೂಂ ಯಾರು ಅನ್ನಬೇಕು? ಡಬ್ಬಿ ಅನ್ನಲಿ. ಒಂದು ಮಾತು ಹೇಳಿ, ಡಬ್ಬಿಗೆ ಒಂದು ಪೆಟ್ಟು ಹಾಕಿ, ಮುಂದಿನ ಮಾತು ಹೇಳಿ. ಮಾಡಿ ನೋಡಿ. ಆ ಒಂದು ಪೆಟ್ಟಿನಿಂದ ಕೋಣೆಯಲ್ಲಿ ಎರಡನೆಯವರು ಬಂದು ಕೂತಂತಾಗುತ್ತದೆ.

ಎರಡನೇ ವಾರ ಅದೇ ಕಥೆಯನ್ನು ಬೇರೆಯವರ ಬಾಯಿಂದ ಹೇಳಿ. ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಬೆಳಗಾವಿ, ಬಾಗಲಕೋಟೆ ಸೀಮೆಯ ಬಯಲಾಟ ಅದು. ಕೌಜಲಗಿ ನಿಂಗಮ್ಮ ಹೆಸರಾದದ್ದು ಅದರಿಂದಲೇ. ನಾರದ ಪಾರಿಜಾತದ ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸತ್ಯಭಾಮೆಗೆ ಸಿಟ್ಟು ಬರುತ್ತದೆ. ಆಟದಲ್ಲಿ ಮಾತು, ಹಾಡು ಬೇಕಾದಷ್ಟು. ನೀವು ಅಲ್ಲಿ ಒಂದು ಸಣ್ಣ ಜಾಗ ಹಿಡಿಯಿರಿ: ಸತ್ಯಭಾಮೆ ಬಾಗಿಲು ಹಾಕಿಕೊಂಡು ಒಳಗೆ ಒಬ್ಬಳೇ ಕೂತಿದ್ದಾಳೆ. ಇನ್ನೂ ಯಾರೂ ಬಾಗಿಲು ಬಡಿದಿಲ್ಲ. ಆ ಕಾಲು ತಾಸಿನಲ್ಲಿ ಆಕೆ ಏನೇನು ಮಾಡಿದಳು? ತಲೆ ಬಿಚ್ಚಿ ಕಟ್ಟಿಕೊಂಡಳೇ? ಕಿಟಕಿ ಹತ್ತಿರ ಹೋದಳೇ? ಅದನ್ನು ಹೇಳಿ. ಹೆಜ್ಜೆ ಹಾಕುತ್ತ ಹೇಳಿ. ಒಬ್ಬರೇ ಇರುವವರಿಗೆ ಈ ಭಾಗ ಬೇರೆ ಯಾರಿಗಿಂತಲೂ ಚೆನ್ನಾಗಿ ಹೇಳಲು ಬರುತ್ತದೆ.

ಇಲ್ಲಿ ಆಗುವ ತಪ್ಪು: ಪ್ರತಿ ಕಥೆಗೂ ನೀತಿ ಹುಡುಕುವುದು. ಸಾಲೆಯಲ್ಲಿ ಕಲಿತ ಚಟ ಅದು. ಕಥೆ ಮುಗಿದರೆ ಮುಗಿಯಲಿ.

5. ಕಳೆದ ಓಣಿಯ ನಕ್ಷೆ ಬರೆಯಿರಿ

ಇದು ಎಲ್ಲಕ್ಕಿಂತ ಆಳವಾದ ಹಂತ. ಮೂರು ವಾರ ಆಗುವ ಮೊದಲು ಇದಕ್ಕೆ ಕೈ ಹಾಕಬೇಡಿ.

ಬಾಗಲಕೋಟೆಯವರಿಗೆ ಮುಳುಗಡೆ ಅನ್ನುವ ಪದ ವಿವರಿಸಬೇಕಿಲ್ಲ. ಆಲಮಟ್ಟಿ ಆಣೆಕಟ್ಟೆ ತುಂಬಿದಾಗಿನ ನೀರಿನ ಮಟ್ಟ 519.60 ಮೀಟರ್ ಅನ್ನುವುದು ನಮ್ಮ ಕಡೆ ಎಷ್ಟೋ ಜನರಿಗೆ ಬಾಯಿಪಾಠ. ಎಷ್ಟೋ ಹಳ್ಳಿ, ಹಳೇ ಬಾಗಲಕೋಟೆಯ ಎಷ್ಟೋ ಓಣಿ ಹಿನ್ನೀರಿಗೆ ಹೋದವು. ಪುನರ್ವಸತಿ ಕೇಂದ್ರದಲ್ಲಿ ಮನೆ ಸಿಕ್ಕಿತು, ಅಗಲವಾದ ರಸ್ತೆ ಸಿಕ್ಕಿತು. ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ ನೆರೆಯವರು ದಿಕ್ಕಿಗೊಬ್ಬರಾದರು. ನನಗೆ ಬರೆಯುವ ಹಿರಿಯರಲ್ಲಿ ಎಷ್ಟೋ ಜನರ ಒಂಟಿತನದ ಬೇರು ಅಲ್ಲೇ ಇದೆ. ಮುಳುಗಡೆ ಆಗದ ಊರಿನವರಿಗೂ ಬಿಟ್ಟು ಬಂದ ಒಂದು ಓಣಿ ಇದ್ದೇ ಇರುತ್ತದೆ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಓಣಿ ಬರೆಯಿರಿ. ಅಗಸೆ, ಬಾವಿ, ಗುಡಿ, ದರ್ಗಾ, ಹಿಟ್ಟಿನ ಗಿರಣಿ, ನೀರಿನ ನಲ್ಲಿ. ಮನೆಗಳನ್ನು ಬರೆದು ಒಳಗಿದ್ದವರ ಹೆಸರು ಹಾಕಿ. ಆಮೇಲೆ ಹೆಜ್ಜೆ ಶುರು ಮಾಡಿ, ನಕ್ಷೆ ನೋಡದೆ ಆ ಓಣಿಯಲ್ಲಿ ನಡೆಯಿರಿ. ನಿಂತಲ್ಲೇ ಹೆಜ್ಜೆ, ಓಣಿ ಮಾತ್ರ ಮುಂದೆ ಸಾಗುತ್ತದೆ. ಎಡಕ್ಕೆ ಯಾರ ಮನೆ, ಬಾಗಿಲಿಗೆ ಯಾವ ಬಣ್ಣ, ಒಳಗಿಂದ ಏನು ವಾಸನೆ, ಎಲ್ಲ ಬಾಯಿಬಿಟ್ಟು ಹೇಳಿ.

ನಾನು ನಮ್ಮ ಓಣಿ ಬರೆದಾಗ ಹನ್ನೊಂದು ಮನೆ ನೆನಪಾದವು. ಹನ್ನೆರಡನೆಯದರಲ್ಲಿ ಯಾರಿದ್ದರು ಅನ್ನುವುದು ಎಷ್ಟು ಮಾಡಿದರೂ ಹೊಳೆಯಲಿಲ್ಲ. ನನ್ನ ಮೊದಲ ಸ್ವಂತ ಕಥೆ ಆ ಮನೆಯಿಂದಲೇ ಶುರುವಾಯಿತು. ನೀವೂ ಹಾಗೇ ಮಾಡಿ. ನೆನಪು ಎಲ್ಲಿ ಕೈ ಕೊಡುತ್ತದೋ ಅಲ್ಲಿ ನಿಲ್ಲಿ. ಆ ಬಾಗಿಲು ತಟ್ಟಿ. ಒಳಗೆ ಯಾರಿರಬೇಕು ಅನ್ನುವುದನ್ನು ನೀವು ಗೊತ್ತು ಮಾಡಿ. ಊಹೆ ಅಂದರೆ ಇದೇ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಶಿವಾಪುರ ಎಂಬ ಊರನ್ನೇ ಕಟ್ಟಿದರು. ಅವರ ಕೃತಿಯಿಂದ ಕೃತಿಗೆ ಆ ಊರು ಬೆಳೆಯುತ್ತಲೇ ಬಂತು. 2010ನೇ ಸಾಲಿನ ಜ್ಞಾನಪೀಠ ಪಡೆದ ಕವಿಯ ಮಾತು ಬೇರೆ, ನಿಜ. ಒಂದು ಮನೆ ಕಟ್ಟುವಷ್ಟು ಊಹೆ ಮಾತ್ರ ನಮ್ಮೆಲ್ಲರಲ್ಲೂ ಇದೆ.

ಇಲ್ಲಿ ಎರಡು ಎಚ್ಚರಿಕೆ ಬಹಳ ಮುಖ್ಯ.

ಒಂದು, ಕೊರಗು ಮತ್ತು ಊಹೆ ನೋಡಲು ಒಂದೇ ತರ ಇರುತ್ತವೆ. "ಅವತ್ತು ನಾನು ಹಾಗೆ ಅನ್ನಬಾರದಿತ್ತು, ಆ ಹೊಲ ಮಾರಬಾರದಿತ್ತು" ಅಂತ ಒಂದೇ ಮಾತು ಸುತ್ತಿ ಸುತ್ತಿ ಬಂದರೆ ಅದು ಕೊರಗು. ಊಹೆಯಲ್ಲಿ ಏನೋ ಒಂದು ಹೊಸದು ಬರಲೇಬೇಕು: ಹೊಸ ಮನುಷ್ಯ, ಹೊಸ ಬಾಗಿಲು, ನೀವು ಎಣಿಸಿರದ ಮಾತು. ಕೊರಗು ಶುರುವಾಯಿತು ಅಂತ ಗೊತ್ತಾದರೆ 'ನಾನು' ಅನ್ನುವುದನ್ನು ಬಿಟ್ಟು 'ಒಬ್ಬಾಕಿ ಇದ್ದಳು', 'ಒಬ್ಬಾತ ಇದ್ದ' ಅಂತ ಹೇಳಲು ಶುರು ಮಾಡಿ. ಅದರಿಂದಲೂ ಬಿಡದಿದ್ದರೆ ನಿಲ್ಲಿಸಿ, ಬರೇ ತಾಳ ಬಾರಿಸಿ.

ಎರಡು, ತೀರಿಹೋದವರ ಮನೆಯ ಬಾಗಿಲು ತಟ್ಟುವಾಗ ಅಳು ಬರಬಹುದು. ಬರಲಿ. ಮೊದಲ ಸಲ ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಬಂದರೆ ಸಾಕು. ಅಂಥ ದಿನ ನಕ್ಷೆ ಮಡಿಸಿಟ್ಟು, ಚಹಾ ಮಾಡಿಕೊಂಡು ಹೊರಗೆ ಅಂಗಳಕ್ಕೆ ಬನ್ನಿ.

6. ತಿಂಗಳಿಗೊಮ್ಮೆ ಹೊರಗೆ, ಒಬ್ಬರೇ

ಮನೆಯೊಳಗಿನ ಅಭ್ಯಾಸಕ್ಕೆ ಹೊರಗಿನ ಗಾಳಿ ಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಕಲ್ಲೇ ಕುಣಿಯುತ್ತದೆ, ಕಲ್ಲೇ ಕಥೆ ಹೇಳುತ್ತದೆ. ಬಾದಾಮಿಯ ಮೊದಲ ಗುಹೆಗೆ ಹೋಗಿ. ಅಲ್ಲಿ ಕುಣಿಯುವ ಶಿವನಿಗೆ ಹದಿನೆಂಟು ಕೈ. ಅಂದರೆ ಒಂಬತ್ತು ಜೊತೆ. ಒಂದೊಂದು ಜೊತೆ ಕೈ ನೋಡಿ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳಿ, ಮನೆಗೆ ಬಂದು ದಿನಕ್ಕೊಂದು ಭಂಗಿ ಮಾಡಿ. ಒಂಬತ್ತು ದಿನದ ಕೆಲಸ ಸಿಕ್ಕಿತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ರಾಮಾಯಣ, ಮಹಾಭಾರತದ ಕಥೆ ಕೊರೆದಿದ್ದಾರೆ. ಒಂದೇ ಚಿತ್ರದ ಮುಂದೆ ಅರ್ಧ ತಾಸು ಕೂರಿ. ಎಲ್ಲ ನೋಡಿ ಮುಗಿಸುವ ಅವಸರ ಬೇಡ. ಬೆಳಗಾವಿಯವರಿಗೆ ಖಾನಾಪುರ ತಾಲ್ಲೂಕಿನ ಹಲಸಿ ಇದೆ, ಕದಂಬರ ಕಾಲದ ಊರು, ಗದ್ದಲ ಕಡಿಮೆ.

ವಿಜಯಪುರದವರು ಗೋಳಗುಮ್ಮಟಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಿ. ತಡವಾದರೆ ಸಾಲೆ ಮಕ್ಕಳ ಕೂಗಿನಲ್ಲಿ ಏನೂ ಕೇಳುವುದಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಮೇಲೆ ಗುಮ್ಮಟದ ಒಳಸುತ್ತಿನಲ್ಲಿ ಪಿಸುಮಾತಿನ ಗ್ಯಾಲರಿ ಇದೆ. ಗೋಡೆಗೆ ಮುಖ ಕೊಟ್ಟು ನಿಮ್ಮ ಕಥೆಯ ಮೊದಲ ಸಾಲನ್ನು ಮೆಲ್ಲಗೆ ಹೇಳಿ. ದನಿ ಸುತ್ತಿಕೊಂಡು ತಿರುಗಿ ಬರುತ್ತದೆ. ನಿಮ್ಮ ದನಿಯನ್ನು ನೀವೇ ಹೊರಗಿನಿಂದ ಕೇಳುವುದು ಬೇರೆಯೇ ಒಂದು ಅನುಭವ. ಮೇಲೆ ಹತ್ತುವ ಮೆಟ್ಟಿಲು ಕಡಿದು, ಮೊಣಕಾಲು ಸರಿ ಇಲ್ಲದವರು ಕೆಳಗೇ ಕೂರಿ.

ಹೋಗುವಾಗ ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಒಬ್ಬರಿಗಾದರೂ ಹೇಳಿ. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಮುಗಿಸಿ. ಬಾದಾಮಿಯಲ್ಲಿ ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ, ಮಂಗಗಳು ಬಿಡುವುದಿಲ್ಲ.

7. ಒಬ್ಬರಿಗೆ ಹೇಳಿ

ತಿಂಗಳಾದ ಮೇಲೆ ಒಂದು ಕಥೆಯನ್ನು ಒಬ್ಬರಿಗೆ ಹೇಳಿ. ಫೋನಿನಲ್ಲಿ ಮೊಮ್ಮಗಳಿಗೆ, ಪಕ್ಕದ ರೂಮಿನ ಹುಡುಗನಿಗೆ, ಕೆಲಸಕ್ಕೆ ಬರುವ ಅಕ್ಕನಿಗೆ. ಫೋನಿನಲ್ಲಾದರೆ ಐದು ನಿಮಿಷ ಮೀರಬಾರದು, ಮತ್ತೆ ನಾಳೆಗೆ ಅಂತ ಅರ್ಧಕ್ಕೆ ನಿಲ್ಲಿಸಿ. ಅವರೇ ನಾಳೆ ಫೋನ್ ಮಾಡುತ್ತಾರೆ.

ಇದು ಸಾಲದು ಅನ್ನುವ ಹೊತ್ತು

ಒಬ್ಬರೇ ಇರುವುದು ಬೇರೆ, ಮನಸ್ಸಿಗೆ ಕಾಯಿಲೆ ಬರುವುದು ಬೇರೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸುತ್ತದೆ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತದೆ ಅಂದರೆ ಹೆಜ್ಜೆ, ಕಥೆ ಪಕ್ಕಕ್ಕಿಡಿ. ಡಾಕ್ಟರನ್ನು ನೋಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ ಯಾವ ಹೊತ್ತಿನಲ್ಲಿ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನುವ ಯೋಚನೆ ಇದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಮಾಡಿ, ಹತ್ತಿರದವರೊಬ್ಬರನ್ನು ಮನೆಗೆ ಕರೆಯಿರಿ.

ಮತ್ತೆ ಮತ್ತೆ ಬರುವ ಮೂರು ಪ್ರಶ್ನೆ

ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೆ? ಒಬ್ಬಳೇ ಮಾತಾಡುತ್ತಾಳೆ, ಕುಣಿಯುತ್ತಾಳೆ ಅಂತ ಆಡಿಕೊಳ್ಳುವ ಭಯ ನಿಜವಾದದ್ದು. "ಸಂಜೆ ನಾನು ಕಥೆ ರೂಢಿ ಮಾಡುತ್ತೇನೆ, ದನಿ ಕೇಳಿಸೀತು" ಅಂತ ಮೊದಲೇ ಹೇಳಿಬಿಡಿ. ಒಂದಿಬ್ಬರು ಮಕ್ಕಳು ಕೇಳಲು ಬಂದರೂ ಬಂದಾರು.

ಬರೆಯಲು ಬರುವುದಿಲ್ಲ, ಆಗುತ್ತದೆಯೇ? ಆಗುತ್ತದೆ. ಬೀಸುವ ಹಾಡು ಕಟ್ಟಿದವರಲ್ಲಿ ಎಷ್ಟೋ ಜನ ಅಕ್ಷರ ಕಲಿತವರಲ್ಲ. ನಾಲ್ಕು ಉತ್ತರಕ್ಕೆ ನಾಲ್ಕು ಕಲ್ಲು ಇಟ್ಟುಕೊಳ್ಳಿ, ಒಂದೊಂದು ಮುಟ್ಟಿ ಮುಂದೆ ಹೋಗಿ. ಕೌದಿ ಹೊಲಿಯುವವರು ಒಂದೊಂದು ತುಂಡು ಬಟ್ಟೆಗೆ ಒಂದೊಂದು ಕಥೆ ಹೇಳಿಕೊಳ್ಳಬಹುದು. ಅದು ಯಾರ ಸೀರೆ, ಯಾವ ಹಬ್ಬದ್ದು ಅಂತ.

ನಡುವೆ ಬಿಟ್ಟುಹೋದರೆ? ಬಿಟ್ಟೇ ಹೋಗುತ್ತದೆ. ಹಬ್ಬ ಬರುತ್ತದೆ, ಜ್ವರ ಬರುತ್ತದೆ, ಪರೀಕ್ಷೆ ಬರುತ್ತದೆ. ತಿರುಗಿ ಶುರು ಮಾಡುವಾಗ ಕಥೆ ಎಲ್ಲಿ ನಿಂತಿತ್ತು ಅಂತ ಹುಡುಕುತ್ತ ಕೂರಬೇಡಿ. ಡಬ್ಬಿ ತೆಗೆದು ಹತ್ತು ಸುತ್ತು ಕೆಹರ್ವಾ ಬಾರಿಸಿ, ಬಲಗಾಲು ಮುಂದೆ ಇಡಿ.